ಟರ್ಬೊ ಡೀಸೆಲ್ ಎಂಜಿನ್ ಮನೆಯಲ್ಲೇ ಬಿಚ್ಚಿ ಕಟ್ಟಬಹುದಾ?

ನೀವು ಕೇಳಿದ್ದು ಇಷ್ಟು: 2012ರ ಸ್ವಿಫ್ಟ್ ಡೀಸೆಲ್, 1.8 ಲಕ್ಷ ಕಿಲೋಮೀಟರ್ ಓಡಿದೆ, ನೀಲಿ ಹೊಗೆ ಬರುತ್ತಿದೆ. ಟರ್ಬೊ (ಹೊಗೆಯ ಒತ್ತಡದಲ್ಲಿ ತಿರುಗಿ ಎಂಜಿನ್‌ಗೆ ಜಾಸ್ತಿ ಗಾಳಿ ತುಂಬುವ ಭಾಗ) ಹೋಗಿದೆ, ಎಂಜಿನ್ ಕೂಡ ಫುಲ್ ಮಾಡಿಸಬೇಕು, ಅಂದರೆ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸಬೇಕು ಅಂತ ಗ್ಯಾರೇಜಿನವರು ಹೇಳಿದ್ದಾರೆ. ಮನೆಯ ಶೆಡ್‌ನಲ್ಲಿ ನೀವೇ ಮಾಡಬಹುದಾ ಅಂತ.

ಮಾಡಬಹುದು. ನಾನು ಮಾಡಿದ್ದೇನೆ. ನಿಮ್ಮದೇ ಎಂಜಿನ್, ಫಿಯೆಟ್‌ನ 1.3 ಮಲ್ಟಿಜೆಟ್, 1248 ಸಿಸಿ. ಹಾಸನದಲ್ಲಿ ನಮ್ಮ ಮನೆ ಹಿಂದಿನ ಶೆಡ್‌ನಲ್ಲಿ 11 ಭಾನುವಾರ ಹಿಡಿಯಿತು. ಆದರೆ ಸ್ಪ್ಯಾನರ್ ಮುಟ್ಟುವ ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿ. ಟರ್ಬೊ ಯಾಕೆ ಹೋಯಿತು? ಅದು ಗೊತ್ತಾಗದೆ ಹೊಸದು ಕೂರಿಸಿದರೆ ಅದೂ ಹೋಗುತ್ತದೆ. ನನಗೆ ಆಗಿದ್ದು ಇದೇ.

ನನ್ನ ಕಾರು ನಾನು ಎರಡನೇ ಕೈಯಲ್ಲಿ ಕೊಂಡದ್ದು. ಒಮ್ಮೆ ಶಿರಾಡಿ ಘಾಟಿ ಹತ್ತುವಾಗ ಬಾನೆಟ್ ಒಳಗಿಂದ ಸೈರನ್ ಥರ ಸದ್ದು ಶುರುವಾಯಿತು. ಸಕಲೇಶಪುರ ಮುಟ್ಟುವ ಹೊತ್ತಿಗೆ ಎಳೆತವೇ ಇಲ್ಲ, ಹಿಂದೆ ನೀಲಿ ಹೊಗೆ. ಒಂದು ಗ್ಯಾರೇಜಿನಲ್ಲಿ ಹೊಸ ಟರ್ಬೊ ಹಾಕಿಸಿದೆ. ಸುಮಾರು 800 ಕಿಲೋಮೀಟರ್ ಆಗುವಷ್ಟರಲ್ಲಿ ಮತ್ತೆ ಅದೇ ಸದ್ದು. ಪೀಸೇ ಸರಿಯಿಲ್ಲ ಅಂದರು. ನನಗೆ ನಂಬಿಕೆ ಬರಲಿಲ್ಲ. ಮನೆಗೆ ತಂದು, ಕಾರನ್ನು ಸ್ಟ್ಯಾಂಡ್ ಮೇಲೆ ಎತ್ತಿ, ಆಯಿಲ್ ಚೇಂಬರ್, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿ, ಇಳಿಸಿ ನೋಡಿದೆ. ಆಯಿಲ್ ಎಳೆಯುವ ಪೈಪಿನ ಬಾಯಲ್ಲಿ ಒಂದು ಜಾಲರಿ ಇರುತ್ತದೆ, ಸ್ಟ್ರೈನರ್. ಅದರ ಅರ್ಧಕ್ಕಿಂತ ಜಾಸ್ತಿ ಭಾಗ ಮುಚ್ಚಿತ್ತು. ಡಾಂಬರಿನಂಥ ಕಪ್ಪು ಕೊಳೆ, ಅದರ ನಡುವೆ ಸಿಲಿಕೋನ್ ಅಂಟಿನ ದಾರಗಳು. ಕೊಳೆ ಹಳೆಯದು, ವರ್ಷಗಟ್ಟಲೆ ಆಯಿಲ್ ಸರಿಯಾಗಿ ಬದಲಿಸದೆ ಓಡಿಸಿದ್ದರ ಫಲ. ಸಿಲಿಕೋನ್ ಮಾತ್ರ ಹಿಂದೆ ಯಾರೋ ಚೇಂಬರ್ ಬಿಚ್ಚಿ ಅಂಟಿಸುವಾಗ ಧಾರಾಳವಾಗಿ ಬಳಿದದ್ದು. ಬಿಗಿ ಮಾಡಿದಾಗ ಹೊರಗೆ ಬಂದಷ್ಟೇ ಒಳಗೂ ಹಿಂಡಿಕೊಂಡು ಬರುತ್ತದೆ. ಆಮೇಲೆ ಕಳಚಿ ಸ್ಟ್ರೈನರ್‌ಗೆ ಹೋಗಿ ಕೂರುತ್ತದೆ.

ಟರ್ಬೊ ಒಳಗಿನ ಶಾಫ್ಟ್ ಪೂರ್ತಿ ಲೋಡ್‌ನಲ್ಲಿ ನಿಮಿಷಕ್ಕೆ 2 ಲಕ್ಷ ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಈ ಥರದ ಟರ್ಬೊದಲ್ಲಿ ಬಾಲ್ ಬೇರಿಂಗ್ ಇಲ್ಲ. ತೆಳ್ಳಗಿನ ಆಯಿಲ್ ಪದರದ ಮೇಲೆ ಶಾಫ್ಟ್ ತೇಲುತ್ತದೆ. ಆ ಪದರ ಕೆಲವು ಸೆಕೆಂಡ್ ತಪ್ಪಿದರೂ ಲೋಹಕ್ಕೆ ಲೋಹ ಉಜ್ಜುತ್ತದೆ. ಅದಕ್ಕೇ ಆಯಿಲ್ ಕೊರತೆಯಾದಾಗ ಮೊದಲು ಕೂಗುವುದು ಟರ್ಬೊ. ಆದರೆ ಅದೇ ಆಯಿಲ್ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಬೇರಿಂಗ್‌ಗೂ ಹೋಗಬೇಕು, ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್‌ನ ಟೆನ್ಷನರ್‌ಗೂ ಹೋಗಬೇಕು. ಈ ಎಂಜಿನ್ನಿನ ಟೆನ್ಷನರ್ ಆಯಿಲ್ ಪ್ರೆಷರ್‌ನಲ್ಲೇ ಚೈನ್ ಬಿಗಿ ಹಿಡಿಯುವುದು. ಪ್ರೆಷರ್ ಇಲ್ಲದಿದ್ದರೆ ಚೈನ್ ಸಡಿಲ. ಚೈನ್ ಹಲ್ಲು ಹಾರಿದರೆ ವಾಲ್ವ್ ಬಂದು ಪಿಸ್ಟನ್‌ಗೆ ಬಡಿಯುತ್ತದೆ.

ಹಾಗಾಗಿ ಮೊದಲು ಪತ್ತೆ ಮಾಡುವ ಕೆಲಸ. ಗಾಳಿ ಬರುವ ಪೈಪ್ ಬಿಚ್ಚಿ ಟರ್ಬೊ ಶಾಫ್ಟನ್ನು ಬೆರಳಲ್ಲಿ ಅಲ್ಲಾಡಿಸಿ. ಎಂಜಿನ್ ಆರಿರಬೇಕು, ತಣ್ಣಗಿರಬೇಕು. ಪಕ್ಕಕ್ಕೆ ಚೂರು ಆಟ ಇರುವುದು ಸಹಜ, ಆಯಿಲ್ ಇಲ್ಲದಾಗ ಆ ಜಾಗ ಖಾಲಿ ಇರುತ್ತದೆ. ಹಿಂದೆ ಮುಂದೆ ಕೈಗೆ ಸಿಗುವಷ್ಟು ಆಟ ಇದ್ದರೆ, ಅಥವಾ ಎಲೆಗಳು ಸುತ್ತಲಿನ ಗೋಡೆಗೆ ತಾಗಿದ ಗುರುತು ಇದ್ದರೆ ಅದರ ಕಥೆ ಮುಗಿದಿದೆ. ಪೈಪ್ ಒಳಗೆ ಆಯಿಲ್ ಪಸೆ ಕಂಡ ಮಾತ್ರಕ್ಕೆ ಹೆದರಬೇಡಿ, ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪ್‌ನಿಂದ ಸ್ವಲ್ಪ ಬಂದೇ ಬರುತ್ತದೆ. ಬ್ರೀದರ್ ಕಟ್ಟಿಕೊಂಡಿದ್ದರೂ ಎಂಜಿನ್ ಒಳಗೆ ಒತ್ತಡ ಏರಿ ಒಳ್ಳೆಯ ಟರ್ಬೊ ಕೂಡ ಆಯಿಲ್ ಕಕ್ಕುತ್ತದೆ. ಅದನ್ನೂ ನೋಡಿ. ಆಮೇಲೆ ಡೀಸೆಲ್‌ಗೆ ಅಂತಲೇ ಇರುವ ಗೇಜ್ ಹಾಕಿ ನಾಲ್ಕೂ ಸಿಲಿಂಡರ್‌ನ ಕಂಪ್ರೆಷನ್, ಅಂದರೆ ಪಿಸ್ಟನ್ ಗಾಳಿ ಅದುಮುವ ಒತ್ತಡ, ಅಳೆಯಿರಿ. ನಾಲ್ಕೂ ಹತ್ತಿರ ಹತ್ತಿರ ಇದ್ದು, ಮ್ಯಾನುಯಲ್ ಹೇಳಿದ ಮಟ್ಟದಲ್ಲಿದ್ದರೆ ಪಿಸ್ಟನ್ ರಿಂಗು, ಬೋರು (ಸಿಲಿಂಡರ್‌ನ ಒಳಗೋಡೆ) ಚೆನ್ನಾಗಿವೆ ಅಂತ. ಆಗ ಹೊಗೆ ಟರ್ಬೊದ್ದೇ ಇರಬಹುದು. ಇಷ್ಟು ನೋಡದೆ ಫುಲ್ ಎಂಜಿನ್ ಅಂತ ಹೇಳಿದವರ ಮಾತಿಗೆ ಒಪ್ಪಬೇಡಿ.

ಒಂದು ಎಚ್ಚರಿಕೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಟರ್ಬೊ ಜಾಸ್ತಿ ಆಯಿಲ್ ಕಕ್ಕುತ್ತಿರುವ ಡೀಸೆಲ್ ಗಾಡಿ ಓಡಿಸಬೇಡಿ. ಆ ಆಯಿಲ್ ಗಾಳಿ ಜೊತೆ ಸಿಲಿಂಡರ್‌ಗೆ ಹೋಗಿ ಡೀಸೆಲ್‌ನಂತೆಯೇ ಉರಿಯುತ್ತದೆ. ಎಂಜಿನ್ ತಾನಾಗಿ ಏರುತ್ತಾ ಹೋಗುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಹಾಗಾದರೆ ಮೇಲಿನ ಗೇರ್ ಹಾಕಿ, ಬ್ರೇಕ್ ಗಟ್ಟಿ ಒತ್ತಿ ಹಿಡಿದು, ಕ್ಲಚ್ ಬಿಟ್ಟು ಎಂಜಿನ್ ಆರಿಸಬೇಕು. ಟರ್ಬೊ ಬಾಯಿಗೆ ಕೈ ಅಡ್ಡ ಹಿಡಿಯಲು ಮಾತ್ರ ಹೋಗಬೇಡಿ.

ಎಂಜಿನ್ ಇಳಿಸುವ ವಿಷಯ ಬೇಗ ಹೇಳಿಬಿಡುತ್ತೇನೆ. ಬರೀ ಎಂಜಿನ್ ಸುಮಾರು 130 ಕೆಜಿ. ಚೈನ್ ಪುಲ್ಲಿಯನ್ನು ಶೆಡ್‌ನ ಮರದ ರೀಪಿಗೆ ಕಟ್ಟಬೇಡಿ, ಕಬ್ಬಿಣದ ಗರ್ಡರ್ ಅಥವಾ ಬಾಡಿಗೆಯ ಎಂಜಿನ್ ಕ್ರೇನ್ ಬೇಕು. ಒಬ್ಬರೇ ಮಾಡಬೇಡಿ. ಎಸಿ ಪೈಪ್ ಬಿಚ್ಚದೆ ಕಂಪ್ರೆಸರ್ ಮಾತ್ರ ಕಳಚಿ ಪಕ್ಕಕ್ಕೆ ಕಟ್ಟಿಡಿ, ಗ್ಯಾಸ್ ಉಳಿಯುತ್ತದೆ. ಪ್ರತಿ ಕನೆಕ್ಟರ್ ಬಿಚ್ಚುವ ಮೊದಲು ಫೋಟೊ. ಯಾವ ಸಿಲಿಂಡರ್‌ನ ಇಂಜೆಕ್ಟರ್, ಪಿಸ್ಟನ್, ರಾಡ್ (ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಸಲಾಕೆ), ಕ್ಯಾಪ್ ಯಾವುದು ಅಂತ ಗುರುತು ಹಾಕಿ. ಒಂದು ರಾಡಿನ ಕ್ಯಾಪ್ ಇನ್ನೊಂದಕ್ಕೆ ಹೋಗಬಾರದು.

ಮನೆಯಲ್ಲಿ ಮಾಡಲಾಗದ ಕೆಲಸ ಯಾವುದು ಅಂತ ಈಗಲೇ ತಿಳಿದುಕೊಳ್ಳಿ. ಬೋರ್ ಅಳತೆ, ಹೋನಿಂಗ್ (ಬೋರಿನ ಗೋಡೆಯನ್ನು ಸಾಣೆ ಕಲ್ಲಿನಿಂದ ತಿಕ್ಕುವುದು), ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ (ಎಂಜಿನ್ನಿನ ಮೇಲ್ಭಾಗದ ಅಡಿಯನ್ನು ಸಮ ಮಾಡುವುದು), ವಾಲ್ವ್ ಸೀಟ್ ಕಟಿಂಗ್ ಇವೆಲ್ಲ ಎಂಜಿನ್ ಲೇತ್ ಅಂಗಡಿಯವರ ಕೆಲಸ. ಈ ಎಂಜಿನ್ನಿನ ಬೋರ್ 69.6 ಮಿಲಿಮೀಟರ್. ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಎರಡು ದಿಕ್ಕಿನಲ್ಲಿ ಅಳೆಯಬೇಕು. ಅಳೆಯುವಾಗ ಪಕ್ಕದಲ್ಲಿ ನಿಂತು ಬರೆದುಕೊಳ್ಳಿ. ಅಳತೆ ಮಾಡದೆ ಕಣ್ಣಲ್ಲೇ ಬೋರ್ ಮಾಡಿಸಿ ಅನ್ನುವವರ ಹತ್ತಿರ ಬ್ಲಾಕ್ (ಸಿಲಿಂಡರ್‌ಗಳಿರುವ ಎಂಜಿನ್ನಿನ ಮೈ) ಬಿಡಬೇಡಿ. ನಾನು ಸಾಮಾನಿಗೆ ಬೆಂಗಳೂರಿನ ಜೆಸಿ ರೋಡಿಗೆ ಹೋದೆ. ಅಳತೆ ಚೀಟಿ ಕೈಯಲ್ಲಿದ್ದುದರಿಂದ ಬೇರಿಂಗ್ ಸೈಜ್ ಕೇಳಿ ಅಲೆಯುವುದು ತಪ್ಪಿತು. ಟರ್ಬೊದ ಕೋರ್ ಅನ್ನೂ, ಅಂದರೆ ಶಾಫ್ಟ್, ಬೇರಿಂಗ್ ಇರುವ ನಡುಭಾಗವನ್ನೂ, ಮನೆಯಲ್ಲಿ ಬಿಚ್ಚಬೇಡಿ. ಅದನ್ನು ಬ್ಯಾಲೆನ್ಸ್ ಮಾಡಲು ಬೇರೆಯದೇ ಮಷಿನ್ ಬೇಕು.

ಲೇತ್‌ನಿಂದ ಬ್ಲಾಕ್ ಬಂದ ಮೇಲೆ ಶುರುವಾಗುವುದೇ ನಿಜವಾದ ಕೆಲಸ. ತೊಳೆಯುವುದು. ನನ್ನ 11 ಭಾನುವಾರದಲ್ಲಿ ಮೂರು ಬರೀ ತೊಳೆಯುವುದಕ್ಕೇ ಹೋದವು, ಅದರಲ್ಲಿ ಒಂದು ಗಂಟೆಯೂ ದಂಡ ಅಂತ ನನಗೆ ಅನಿಸಿಲ್ಲ. ಹೋನಿಂಗ್ ಮಾಡಿದಾಗ ಉಳಿಯುವ ಪುಡಿ ಸಾಣೆ ಕಲ್ಲಿನ ಪುಡಿ. ಸೀಮೆಎಣ್ಣೆ, ಡೀಸೆಲ್ ಹಾಕಿ ಒರೆಸಿದರೆ ಅದು ಬೋರಿನ ಗೀರುಗಳಿಂದ ಹೊರಗೆ ಬರುವುದಿಲ್ಲ. ಬಿಸಿ ನೀರು, ಸೋಪಿನ ಪುಡಿ, ನೈಲಾನ್ ಬ್ರಷ್ ಬೇಕು. ತಿಕ್ಕಿ, ತೊಳೆದು, ಗಾಳಿ ಹೊಡೆದು, ತಕ್ಷಣ ಆಯಿಲ್ ಸವರಿ. ಇಲ್ಲದಿದ್ದರೆ ನೋಡನೋಡುತ್ತಲೇ ತುಕ್ಕು ಹಿಡಿಯುತ್ತದೆ. ಆಮೇಲೆ ಹಳೆಯ ಬಿಳಿ ಪಂಚೆಯ ಚೂರಿಗೆ ಆಯಿಲ್ ಹಾಕಿ ಬೋರ್ ಒರೆಸಿ ನೋಡಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಇನ್ನೊಮ್ಮೆ ತೊಳೆಯಿರಿ. ನಾನು ನಾಲ್ಕು ಸಲ ತೊಳೆದೆ.

ಬ್ಲಾಕಿನ ಆಯಿಲ್ ದಾರಿ, ಕ್ರ್ಯಾಂಕಿನ ತೂತುಗಳು, ಪಿಸ್ಟನ್ ಅಡಿಗೆ ಆಯಿಲ್ ಚಿಮ್ಮಿಸುವ ಸಣ್ಣ ಜೆಟ್‌ಗಳು, ಎಲ್ಲದರಲ್ಲೂ ತೆಳ್ಳಗಿನ ಬ್ರಷ್ ಹಾಯಿಸಿ. ಜನ ಮರೆಯುವುದು ಎರಡು ಕಡೆ. ಒಂದು, ಆಯಿಲ್ ಕೂಲರ್. ಬೇರಿಂಗ್ ತಿಂದುಹೋಗಿದ್ದರೆ ಅದರ ಚೂರುಗಳು ಕೂಲರ್ ಒಳಗೆ ಕೂತಿರುತ್ತವೆ, ತೊಳೆದರೆ ಪೂರ್ತಿ ಬರುವುದಿಲ್ಲ. ಹೊಸದೇ ಹಾಕಿ. ಇನ್ನೊಂದು, ಇಂಟರ್‌ಕೂಲರ್, ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಭಾಗ. ಹಳೆಯ ಟರ್ಬೊ ಕಕ್ಕಿದ ಆಯಿಲ್ ಅದರ ತಳದಲ್ಲಿ ನಿಂತಿರುತ್ತದೆ. ಹಾಗೇ ಬಿಟ್ಟು ಸ್ಟಾರ್ಟ್ ಮಾಡಿದರೆ ಮೇಲೆ ಹೇಳಿದೆನಲ್ಲ, ಎಂಜಿನ್ ತಾನಾಗಿ ಏರುವ ಅಪಾಯ, ಅದು ಹೊಸ ಎಂಜಿನ್‌ಗೇ ಬರುತ್ತದೆ. ನನ್ನದರಿಂದ ಒಂದು ಲೋಟದಷ್ಟು ಆಯಿಲ್ ಬಂತು. ಟರ್ಬೊ ಎಲೆ ಮುರಿದಿದ್ದರೆ ತೊಳೆಯುವ ಮಾತೇ ಬೇಡ, ಇಂಟರ್‌ಕೂಲರ್ ಬದಲಿಸಿ.

ಜೋಡಿಸುವ ಹಂತಕ್ಕೆ ಮ್ಯಾನುಯಲ್ ಪಕ್ಕದಲ್ಲಿರಲಿ, ಟಾರ್ಕ್ ಲೆಕ್ಕವನ್ನು (ಬೋಲ್ಟ್ ಎಷ್ಟು ಬಿಗಿ ಮಾಡಬೇಕು ಅನ್ನುವ ಅಂಕಿ) ಯಾರ ಬಾಯಿಂದಲೂ ಕೇಳಿ ಹಾಕಬೇಡಿ, ನನ್ನಿಂದಲೂ. ಹೆಡ್ ಬೋಲ್ಟ್‌ಗೆ ಟಾರ್ಕ್ ಆದ ಮೇಲೆ ಇನ್ನೂ ಇಷ್ಟು ಡಿಗ್ರಿ ತಿರುಗಿಸಬೇಕು ಅನ್ನುವ ಲೆಕ್ಕ ಇರುತ್ತದೆ, ಹಳೆಯ ಬೋಲ್ಟ್ ಮತ್ತೆ ಬೇಡ. ವಾಲ್ವ್ ತೆರೆಸುವ ಕ್ಯಾಮ್ ಶಾಫ್ಟನ್ನು ಲಾಕ್ ಮಾಡುವ ಪಿನ್ ಇಲ್ಲದೆ ಟೈಮಿಂಗ್ ಕೂರಿಸಬೇಡಿ. ಚೇಂಬರ್‌ಗೆ ಸಿಲಿಕೋನ್ ಸಣ್ಣ ಎಳೆಯಷ್ಟೇ. ಟರ್ಬೊಗೆ ಆಯಿಲ್ ಹೋಗುವ ಪೈಪ್ ಹೊಸದು, ವಾಷರ್‌ಗಳೂ ಹೊಸವು. ಆಯಿಲ್ ವಾಪಸ್ ಬರುವ ಪೈಪ್‌ಗೆ ಸಿಲಿಕೋನ್ ಮುಟ್ಟಿಸಲೇಬೇಡಿ. ಅಲ್ಲಿ ಪ್ರೆಷರ್ ಇಲ್ಲ, ಆಯಿಲ್ ತನ್ನ ಭಾರಕ್ಕೆ ಇಳಿಯಬೇಕು. ದಾರಿ ಚೂರು ಕಿರಿದಾದರೂ ಟರ್ಬೊ ತುಂಬಿ ಹೊಗೆ ಬರುತ್ತದೆ.

ಮೊದಲ ಸಲ ಸ್ಟಾರ್ಟ್ ಮಾಡುವ ದಿನ ಅವಸರ ಬೇಡ. ಟರ್ಬೊದ ಆಯಿಲ್ ತೂತಿಗೆ ಆಯಿಲ್ ಹಾಕಿ, ಶಾಫ್ಟ್ ಕೈಯಲ್ಲಿ ತಿರುಗಿಸಿ, ಆಮೇಲೆ ಪೈಪ್ ಬಿಗಿ ಮಾಡಿ. ನಾಲ್ಕೂ ಇಂಜೆಕ್ಟರ್ ಕನೆಕ್ಟರ್ ತೆಗೆದಿಟ್ಟು, ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ, ನಡುವೆ ಬಿಡುವು ಕೊಡಿ. ಆಯಿಲ್ ಲೈಟ್ ಆರಬೇಕು. ನನ್ನದರಲ್ಲಿ ಐದನೇ ಸಲಕ್ಕೆ ಆರಿತು. ಆ ಲೈಟ್ ಆರಿದಾಗ ನನ್ನ ತಮ್ಮ ಕೂಗಿದ್ದು ಪಕ್ಕದ ಮನೆಯವರಿಗೂ ಕೇಳಿಸಿತ್ತು. ಲೈಟ್ ಆರಿದ ಮೇಲೆ ಕನೆಕ್ಟರ್ ಹಾಕಿ ಸ್ಟಾರ್ಟ್ ಮಾಡಿ, ರೇಸ್ ಮಾಡದೆ ಬಿಡಿ. ಡೀಸೆಲ್ ಪೈಪಿನ ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಬೇಡಿ. ಇಂಜೆಕ್ಟರ್‌ಗಳಿಗೆ ಡೀಸೆಲ್ ಹಂಚುವ ಕೊಳವೆ, ರೈಲ್, ಅದರ ಒಳಗಿನ ಒತ್ತಡ ಚರ್ಮ ತೂರಿ ಹೋಗುವಷ್ಟಿರುತ್ತದೆ.

ಮೊದಲ 500 ಕಿಲೋಮೀಟರ್ ಘಾಟಿ ಬೇಡ, ಹೆದ್ದಾರಿಯಲ್ಲಿ ಒಂದೇ ವೇಗವೂ ಬೇಡ. ಏರಿಸಿ, ಇಳಿಸಿ, ಹದವಾಗಿ ಓಡಿಸಿ. 500ಕ್ಕೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ. ಹಳೆಯ ಪೇಪರ್ ಫಿಲ್ಟರ್‌ನ ಮಡಿಕೆಗಳನ್ನು ಬಿಸಿಲಿನಲ್ಲಿ ಬಿಡಿಸಿ ನೋಡಿ, ಮಿನುಗುವ ಪುಡಿ ಜಾಸ್ತಿ ಕಂಡರೆ ಅಲ್ಲಿಗೇ ನಿಲ್ಲಿಸಿ.

ಈಗ ನೀವು ಎಂಜಿನ್ ಇಳಿಸುವ ಯೋಚನೆ ಪಕ್ಕಕ್ಕಿಡಿ. ಈ ಭಾನುವಾರ ಚೇಂಬರ್ ಒಂದನ್ನೇ ಬಿಚ್ಚಿ. ಸ್ಟ್ರೈನರ್ ಫೋಟೊ, ಚೇಂಬರ್ ತಳದಲ್ಲಿ ಏನಿದೆ ಅನ್ನುವುದರ ಫೋಟೊ, ನಾಲ್ಕು ಸಿಲಿಂಡರ್‌ನ ಕಂಪ್ರೆಷನ್ ಅಂಕಿ ಇಲ್ಲಿ ಹಾಕಿ. ಅಷ್ಟು ಸಿಕ್ಕರೆ ನಿಮ್ಮದು ಟರ್ಬೊ ಕೆಲಸವೋ, ಫುಲ್ ಎಂಜಿನ್ನೋ ಅಂತ ಒಟ್ಟಿಗೆ ಕೂತು ನೋಡೋಣ.