ವೆಸ್ ವೆಲ್ಕರ್ ಆಟ ಬಿಟ್ಟು ಅಷ್ಟು ಬೇಗ ಕೋಚ್ ಆಗಿದ್ದು ಹೇಗೆ?

ವೆಲ್ಕರ್ ಅಮೆರಿಕನ್ ಫುಟ್‌ಬಾಲ್‌ನ ರಿಸೀವರ್, ಅಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವ ಆಟಗಾರ. ಅವರ ಆಟ ನಿಂತಿದ್ದೇ ಓಟದ ವೇಗಕ್ಕಿಂತ ಎದುರಾಳಿಯನ್ನು ಓದುವುದರ ಮೇಲೆ. ಆ ವಿದ್ಯೆಯನ್ನು ಇನ್ನೊಬ್ಬರಿಗೆ ಹೇಳಿಕೊಡಬಹುದು. 2004ರಲ್ಲಿ ಆ ಆಟದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸುತ್ತು) ಯಾವ ತಂಡವೂ ಅವರನ್ನು ಆರಿಸಲಿಲ್ಲ. ಕೊನೆಗೆ ಹಿಡಿದದ್ದು 903 ಕ್ಯಾಚ್! ಪೇಟ್ರಿಯಟ್ಸ್ ತಂಡದಲ್ಲಿ ಆಡಿದ ಆರು ಸೀಸನ್‌ಗಳಲ್ಲಿ ಐದರಲ್ಲಿ ನೂರು ದಾಟಿಸಿದರು.

ಅವರದು ಸ್ಲಾಟ್, ಅಂದರೆ ಮುಂದೆ ನಿಂತು ಎದುರಾಳಿಗಳನ್ನು ತಡೆಯುವವರ ಸಾಲಿಗೂ ಅಂಚಿನ ರಿಸೀವರ್‌ಗೂ ನಡುವಿನ ಜಾಗ. ಅಲ್ಲಿ ಎಷ್ಟೋ ಸಲ ಓಟದ ದಾರಿ ಮೊದಲೇ ಪೂರ್ತಿ ನಿಗದಿಯಾಗಿರುವುದಿಲ್ಲ. ಡಿಫೆಂಡರ್ ಒಳಬದಿಯಲ್ಲಿದ್ದರೆ ಹೊರಕ್ಕೆ ತಿರುಗಬೇಕು, ಹೊರಬದಿಯಲ್ಲಿದ್ದರೆ ಒಳಕ್ಕೆ. ಬೆನ್ನಟ್ಟದೆ ಜಾಗ ಕಾಯುತ್ತಿದ್ದರೆ ಇಬ್ಬರ ನಡುವಿನ ಸಂದಿಯಲ್ಲಿ ನಿಂತುಬಿಡಬೇಕು. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಒಂದು ಓದಿ ರಿಸೀವರ್ ಇನ್ನೊಂದು ಓದಿದರೆ ಚೆಂಡು ಎದುರಾಳಿಯ ಕೈಗೆ.

2015ರದ್ದು ಆಟಗಾರನಾಗಿ ಕೊನೆಯ ಸೀಸನ್. 2017ರಲ್ಲಿ ಟೆಕ್ಸನ್ಸ್ ತಂಡದ ಸಹಾಯಕ, 2019ರಿಂದ ಫಾರ್ಟಿನೈನರ್ಸ್‌ನ, 2022ರಿಂದ 2024ರ ಸೀಸನ್‌ವರೆಗೆ ಡಾಲ್ಫಿನ್ಸ್‌ನ ರಿಸೀವರ್ ಕೋಚ್ ಆಗಿದ್ದರು.