ಬೆಣ್ಣೆ ಊರಿನಲ್ಲಿ ಬೆಣ್ಣೆ ಇಲ್ಲದ ಕೇಕು

ಪ್ರಶ್ನೆ: ಅಕ್ಕಾ, ನನಗೆ 38 ವರ್ಷ, ಶಾಲೆಯಲ್ಲಿ ಟೀಚರ್. ಎರಡು ತಿಂಗಳ ಹಿಂದೆ ಪಿತ್ತಕೋಶದ ಕಲ್ಲು ಜಾರಿ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಒಂದು ವಾರ ಆಸ್ಪತ್ರೆಯಲ್ಲಿದ್ದೆ. ಆಪರೇಷನ್ ಮುಂದಿನ ತಿಂಗಳು. ಅಲ್ಲಿಯವರೆಗೆ ಎಲ್ಲ ಸೇರಿ ದಿನಕ್ಕೆ 30 ಗ್ರಾಂ ಕೊಬ್ಬು ದಾಟಬಾರದು ಎಂದು ಡಾಕ್ಟರ್ ಹೇಳಿದ್ದಾರೆ. ಊಟ ಹೇಗೋ ನಡೆಯುತ್ತಿದೆ. ಆದರೆ ಭಾನುವಾರ ಕೇಕ್ ಮಾಡುವುದು ನನ್ನ ಹುಚ್ಚು. ಬೆಣ್ಣೆ ಬದಲು ಬಾಳೆಹಣ್ಣು ಹಾಕಿ ನೋಡಿದೆ, ಚಪ್ಪಲಿ ಅಟ್ಟೆ ಥರ ಬಂತು. ಮಗಳ ಹುಟ್ಟುಹಬ್ಬ ಹತ್ತಿರ ಬಂದಿದೆ. ನಾನೂ ಅವಳ ಜೊತೆ ಕೂತು ತಿನ್ನುವಂಥ ಕೇಕ್ ಇದೆಯಾ? ಬೇಕರಿ ರಸ್ಕ್ ಪರವಾಗಿಲ್ಲ ಅಲ್ವಾ?
— ಹೆಸರು ಬೇಡ ಎಂದವರು, ಚಿತ್ರದುರ್ಗ

ಉತ್ತರ: ಕೇಕ್ ಇದೆ. ರಸ್ಕ್ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ನನ್ನ ಕಥೆ ಸ್ವಲ್ಪ ಕೇಳಿ. ನಾನು ದಾವಣಗೆರೆಯವಳು. ನಮ್ಮ ಬೀದಿಯ ತುದಿಯಲ್ಲೇ ಬೆಣ್ಣೆ ದೋಸೆ ಹೋಟೆಲು. ಬೆಳಗ್ಗೆ ಕಿಟಕಿ ತೆಗೆದರೆ ಕಟ್ಟಿಗೆ ಹೊಗೆ, ಅದರ ಹಿಂದೆಯೇ ಬೆಣ್ಣೆ ಕಾದ ವಾಸನೆ. ಆರು ವರ್ಷದ ಹಿಂದೆ ನೆಂಟರು ಬಂದಿದ್ದರು. ಅವರಿಗೆ ಕಂಪನಿ ಕೊಡಲು ನಾನೂ ಮೂರು ದೋಸೆ ತಿಂದೆ. ರಾತ್ರಿ ಬಲಗಡೆ ಪಕ್ಕೆಲುಬಿನ ಕೆಳಗೆ ಹಿಡಿದ ನೋವು ಭುಜದವರೆಗೆ ಹೋಯಿತು. ಸ್ಕ್ಯಾನ್ ಮಾಡಿದರೆ ಕಲ್ಲು. ನನಗೆ ರಕ್ತ ಕಡಿಮೆ ಇತ್ತು, ಹಾಗಾಗಿ ಆಪರೇಷನ್ ಏಳು ತಿಂಗಳು ಮುಂದೆ ಹೋಯಿತು. ಆ ಏಳು ತಿಂಗಳು ನಮ್ಮ ಮನೆಯವರು ದೋಸೆ ಪಾರ್ಸೆಲ್ ತಂದು, ನನಗೆ ಗೊತ್ತಾಗಬಾರದೆಂದು ಮಹಡಿ ಮೇಲೆ ಕೂತು ತಿನ್ನುತ್ತಿದ್ದರು. ಬೆಣ್ಣೆ ವಾಸನೆಗೆ ಮೆಟ್ಟಿಲು ಇಳಿಯುವುದು ಗೊತ್ತಿಲ್ವಾ?

ನನ್ನ ಮೊದಲ ಕೇಕೂ ಅಟ್ಟೆಯೇ. ತಪ್ಪು ಬಾಳೆಹಣ್ಣಿನದ್ದಲ್ಲ. ಮೈದಾಕ್ಕೆ ನೀರು ತಾಗಿ ಕಲಸಿದರೆ ಜಿಗಿ ಬರುತ್ತದೆ. ಹೋಳಿಗೆ ಕಣಕಕ್ಕೆ ಆ ಜಿಗಿ ಬೇಕು, ಕೇಕಿಗೆ ಬೇಡ. ಬೆಣ್ಣೆ ಹಿಟ್ಟಿನ ಕಣಕಣಕ್ಕೂ ಮೆತ್ತಿಕೊಂಡು ಆ ಜಿಗಿಯನ್ನು ತಡೆಯುತ್ತದೆ. ಸಕ್ಕರೆ ಜೊತೆ ನಾದುವಾಗ ಗಾಳಿ ಹಿಡಿದಿಡುತ್ತದೆ. ಏಲಕ್ಕಿ, ವೆನಿಲ್ಲಾ ಘಮವನ್ನು ನಾಲಿಗೆ ಮೇಲೆ ನಿಲ್ಲಿಸುವುದೂ ಅದೇ. ಇಷ್ಟು ಕೆಲಸ ಮಾಡುವವಳನ್ನು ಮನೆಯಿಂದ ಕಳಿಸಿ, ಆ ಜಾಗದಲ್ಲಿ ಒಂದು ಬಾಳೆಹಣ್ಣು ಕೂರಿಸಿದರೆ ಪಾಪ ಅದು ಏನು ಮಾಡೀತು?

ಅದಕ್ಕೇ ಬೆಣ್ಣೆ ಕೇಕಿನಿಂದ ಬೆಣ್ಣೆ ಕದಿಯುವುದನ್ನು ನಾನು ಬಿಟ್ಟುಬಿಟ್ಟೆ. ಹುಟ್ಟಿದಾಗಿನಿಂದ ಬೆಣ್ಣೆ ಮುಖವನ್ನೇ ನೋಡದ ಕೇಕ್ ಹುಡುಕಿದೆ. ಮೊಟ್ಟೆ ತಿನ್ನುವವರಾದರೆ ನಿಮಗೆ ಏಂಜಲ್ ಕೇಕ್.

ಆರು ಮೊಟ್ಟೆಯ ಬಿಳಿ ಮಾತ್ರ ತೆಗೆಯಿರಿ. ಒಂದು ಹಳದಿಯಲ್ಲಿ ಹೆಚ್ಚುಕಡಿಮೆ 5 ಗ್ರಾಂ ಕೊಬ್ಬಿರುತ್ತದೆ, ಬಿಳಿಯಲ್ಲಿ ಇಲ್ಲವೆಂದೇ ಹೇಳಬಹುದು. ಹಳದಿ ಮನೆಯಲ್ಲಿ ಬೇರೆಯವರ ಆಮ್ಲೆಟ್‌ಗೆ ಹೋಗಲಿ. 50 ಗ್ರಾಂ ಮೈದಾ, 10 ಗ್ರಾಂ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು, ಮೂರನ್ನೂ ಸೇರಿಸಿ ಮೂರು ಸಲ ಜರಡಿ ಹಿಡಿಯಿರಿ. ಸಕ್ಕರೆ 150 ಗ್ರಾಂ, ಪುಡಿ ಮಾಡಿದ್ದು. ಒಂದು ಟೀ ಚಮಚ ನಿಂಬೆರಸ.

ಪಾತ್ರೆ ಸ್ಟೀಲಿನದೇ ಇರಲಿ. ಪ್ಲಾಸ್ಟಿಕ್ ಎಷ್ಟು ತೊಳೆದರೂ ಜಿಡ್ಡು ಹಿಡಿದಿಟ್ಟುಕೊಳ್ಳುತ್ತದೆ. ಜಿಡ್ಡು ಒಂದು ಹನಿ ಇದ್ದರೂ ಬಿಳಿ ನೊರೆ ಬರುವುದಿಲ್ಲ. ಹಳದಿ ಸ್ವಲ್ಪ ಬಿದ್ದರೂ ಅಷ್ಟೇ. ನಾನು ಮೊದಲು ಪಾತ್ರೆಯನ್ನು ನಿಂಬೆ ಹೋಳಿನಿಂದ ಉಜ್ಜಿ ಒರೆಸುತ್ತೇನೆ. ಫ್ರಿಜ್‌ನಿಂದ ತೆಗೆದ ಮೊಟ್ಟೆಯನ್ನು ತಣ್ಣಗಿರುವಾಗಲೇ ಒಡೆದು ಬಿಳಿ ಬೇರೆ ಮಾಡಿ, ಆಮೇಲೆ ಅರ್ಧ ಗಂಟೆ ಹೊರಗಿಡಿ. ತಣ್ಣಗಿದ್ದರೆ ಹಳದಿ ಒಡೆಯುವುದಿಲ್ಲ, ಬೆಚ್ಚಗಾದರೆ ನೊರೆ ಜಾಸ್ತಿ. ನಿಂಬೆರಸ ಹಾಕಿ ಬೀಟರ್‌ನಲ್ಲಿ ಕಡೆಯಿರಿ. ನೊರೆಯಾದ ಮೇಲೆ ಸಕ್ಕರೆಯನ್ನು ಚಮಚ ಚಮಚವಾಗಿ ಹಾಕುತ್ತಾ ಹೋಗಿ. ಬೀಟರ್ ಎತ್ತಿದರೆ ನೊರೆಯ ತುದಿ ಗಿಳಿ ಕೊಕ್ಕಿನಂತೆ ಬಾಗಬೇಕು, ಆಗ ನಿಲ್ಲಿಸಿ. ಹಿಟ್ಟನ್ನು ಮೂರು ಕಂತಿನಲ್ಲಿ ಉದುರಿಸಿ, ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಮಗುಚಿ. ಕಲಸಬೇಡಿ.

ಈಗ ಎಲ್ಲರೂ ಎಡವುವ ಜಾಗ. ಟಿನ್‌ಗೆ ಎಣ್ಣೆ ಸವರಬಾರದು. ನಾನ್‌ಸ್ಟಿಕ್ ಟಿನ್ ಕೂಡ ಬೇಡ. ಈ ಕೇಕ್ ಟಿನ್ನಿನ ಗೋಡೆ ಹಿಡಿದುಕೊಂಡು ಮೇಲೆ ಹತ್ತುತ್ತದೆ. ಗೋಡೆ ಜಾರಿದರೆ ಕುಸಿಯುತ್ತದೆ, ನಿಮ್ಮ ಕೋಟೆ ಹತ್ತಲು ಬಂದು ಜಾರಿದವರ ಹಾಗೆ. ಸಾದಾ ಅಲ್ಯುಮಿನಿಯಂ ಬ್ರೆಡ್ ಟಿನ್ ಸಾಕು. 170 ಡಿಗ್ರಿಯಲ್ಲಿ 30ರಿಂದ 35 ನಿಮಿಷ. ಹೊರಗೆ ತೆಗೆದ ತಕ್ಷಣ ಟಿನ್ ಮಗುಚಿ, ಅದರ ಎರಡು ಅಂಚುಗಳನ್ನು ಎರಡು ಲೋಟಗಳ ಮೇಲಿಟ್ಟು ತಲೆಕೆಳಗಾಗಿ ಒಂದೂವರೆ ಗಂಟೆ ಬಿಡಿ. ನಾನು ಮೊದಲ ಸಲ ಮಗುಚಿದಾಗ ಅತ್ತೆ ಹೌಹಾರಿದ್ದರು. ಬೀಳುವುದಿಲ್ಲ. ಆರಿದ ಮೇಲೆ ಚಾಕುವಿನಿಂದ ಸುತ್ತ ಬಿಡಿಸಿ ತೆಗೆಯಿರಿ.

ಇಡೀ ಕೇಕಿಗೆ ಸೇರಿ ಕೊಬ್ಬು ಒಂದು ಗ್ರಾಂ ಕೂಡ ಆಗುವುದಿಲ್ಲ. ಅದೇ ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 14 ಗ್ರಾಂ. ನಿಮ್ಮ ಅರ್ಧ ದಿನದ ಲೆಕ್ಕ ಅಲ್ಲಿಗೇ ಮುಗಿಯಿತು.

ಮೇಲೆ ಕ್ರೀಮ್ ಬೇಡವೇ ಬೇಡ. ನಿಮ್ಮ ಹಿರಿಯೂರು, ಹೊಸದುರ್ಗ ಕಡೆ ಒಳ್ಳೆ ದಾಳಿಂಬೆ ಬೆಳೆಯುತ್ತಾರೆ. ಎರಡು ಹಣ್ಣಿನ ರಸಕ್ಕೆ ಎರಡು ಚಮಚ ಸಕ್ಕರೆ, ಒಂದು ಚಮಚ ಕಾರ್ನ್‌ಫ್ಲೋರ್ ಹಾಕಿ ಗಟ್ಟಿಯಾಗುವವರೆಗೆ ಕುದಿಸಿ. ತಣಿದ ಮೇಲೆ ಕೇಕ್ ಮೇಲೆ ಸುರಿದು ಕಾಳು ಉದುರಿಸಿ. ಕೆಂಪಗೆ ಇಳಿಯುತ್ತಿದ್ದರೆ ಮಗಳು ಕ್ರೀಮ್ ಕೇಳುವುದಿಲ್ಲ.

‘ತಿಂದೆ’ ಅನ್ನಿಸಬೇಕಾದರೆ ಬೆಣ್ಣೆಯ ಬದಲು ನಾಲಿಗೆಗೆ ಬೇರೇನಾದರೂ ಕೊಡಲೇಬೇಕು. ನಾನು ನೆಚ್ಚಿಕೊಂಡಿದ್ದು ಸುಟ್ಟ ಸಕ್ಕರೆಯನ್ನು. ಕಂದು ಬಣ್ಣಕ್ಕೆ ತಿರುಗಿದ ಆ ಕಹಿಸಿಹಿಗೆ ಒಂದು ತೂಕ ಇದೆ. ಜೊತೆಗೆ ಎರಡು ಚಮಚ ಗಟ್ಟಿ ಡಿಕಾಕ್ಷನ್. ನಿಂಬೆ ಸಿಪ್ಪೆಯ ತುರಿ. ಚಾಕೊಲೇಟ್ ಬೇಡ, ಅದರಲ್ಲಿ ಕೊಬ್ಬು ತುಂಬಿದೆ. ಆದರೆ ಕೋಕೋ ಪುಡಿ ಒಂದೆರಡು ಚಮಚ ನಡೆಯುತ್ತದೆ. ಕುರುಕಲು ಬೇಕೆನಿಸಿದರೆ ನಮ್ಮೂರಿನ ಮಂಡಕ್ಕಿ ಇದೆಯಲ್ಲ! ಸೇಬು ಅಥವಾ ಸೀಬೆಹಣ್ಣನ್ನು ಹೋಳು ಮಾಡಿ ಚಕ್ಕೆ ಪುಡಿ ಹಾಕಿ ಬೇಕ್ ಮಾಡಿ. ಬೆಲ್ಲದ ಪಾಕದಲ್ಲಿ ಹೊರಳಿಸಿದ ಮಂಡಕ್ಕಿಯನ್ನು ಮೇಲೆ ಹರಡಿ ಇನ್ನು ಐದು ನಿಮಿಷ ಒವನ್‌ನಲ್ಲಿಡಿ. ಬಿಸಿಬಿಸಿಯಾಗೇ ತಿನ್ನಿ, ಆರಿದರೆ ಮೆತ್ತಗಾಗುತ್ತದೆ.

ಇನ್ನು ರಸ್ಕ್. ಪರವಾಗಿಲ್ಲ ಎಂದು ಕಣ್ಣು ಮುಚ್ಚಿ ತಿನ್ನಬೇಡಿ. ಒಣಗಿ ಕಂಡಿದ್ದೆಲ್ಲ ಜಿಡ್ಡಿಲ್ಲದ್ದಲ್ಲ. ನಾನು ಒಂದು ಬೇಕರಿಯಲ್ಲಿ ಕೇಳಿದ್ದಕ್ಕೆ ‘ಬೆಣ್ಣೆ ಹಾಕೇ ಇಲ್ಲ ಮೇಡಂ’ ಎಂದರು. ನಿಜವೇ, ಹಾಕಿದ್ದು ವನಸ್ಪತಿ. ಒಂದು ತಿಂಗಳು ಅದನ್ನೇ ಟೀ ಜೊತೆ ಅದ್ದಿ ತಿಂದಿದ್ದೆ. ಪೊಟ್ಟಣದ ಹಿಂದೆ 100 ಗ್ರಾಂಗೆ ಎಷ್ಟು ಕೊಬ್ಬು ಎಂದು ಬರೆದಿರುತ್ತಾರೆ, ಅದನ್ನು ನೋಡಿ. 3 ಗ್ರಾಂ ಒಳಗಿದ್ದರೆ ಮಾತ್ರ ಕಡಿಮೆ ಕೊಬ್ಬಿನದ್ದು. ಖಾರಿ, ಪಫ್ ಕಡೆ ತಿರುಗಿಯೂ ನೋಡಬೇಡಿ.

ಒಂದು ಮಾತು. ನಿಮ್ಮದು ಕಲ್ಲಿನಿಂದ ಬಂದ ತೊಂದರೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಜಾಸ್ತಿಯಾಗಿ ಮೇದೋಜೀರಕ ಊದಿಕೊಂಡವರೂ ಇದನ್ನು ಓದುತ್ತಿರಬಹುದು. ಅವರಿಗೆ ಸಕ್ಕರೆಯೂ ಲೆಕ್ಕಕ್ಕೆ ಬರುತ್ತದೆ, ಈ ಕೇಕ್ ಮಾಡುವ ಮೊದಲು ಡಾಕ್ಟರನ್ನು ಕೇಳಲಿ. ನೀವು ತಿಂದ ಮೇಲೆ ನೋವು ಬಂದರೆ ‘ಏನು ತಿಂದೆ’ ಎಂದು ನನಗೆ ಪತ್ರ ಬರೆಯುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲ. ನಮ್ಮ ಮಾವನವರಿಗೆ ಪಿತ್ತಕೋಶದ ತೊಂದರೆ, ಸಿಹಿ ಇಲ್ಲದೆ ಇರುವುದಿಲ್ಲ. ಏನು ಮಾಡಲಿ?
— ಒಬ್ಬ ಸೊಸೆ, ಹರಿಹರ

ಉತ್ತರ: ಖರ್ಜೂರದ ಲೋಫ್ ಮಾಡಿ. ಬೀಜ ತೆಗೆದ 200 ಗ್ರಾಂ ಖರ್ಜೂರಕ್ಕೆ ಒಂದು ಕಪ್ ಕುದಿಯುವ ನೀರು, ಒಂದು ಟೀ ಚಮಚ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ಮುಚ್ಚಿಡಿ. ಚೆನ್ನಾಗಿ ಕಿವುಚಿ. ಅರ್ಧ ಕಪ್ ಬೆಲ್ಲದ ಪುಡಿ, ಕೆನೆ ತೆಗೆದ ಹಾಲಿನ ಮೊಸರು ಎರಡು ದೊಡ್ಡ ಚಮಚ, ಒಂದೂವರೆ ಕಪ್ ಹಿಟ್ಟು, ಒಂದು ಟೀ ಚಮಚ ಬೇಕಿಂಗ್ ಪೌಡರ್, ಒಣಶುಂಠಿ ಪುಡಿ. ಹಿಟ್ಟು ಕಾಣದಂತಾದರೆ ಕೈ ತೆಗೆಯಿರಿ. ಟಿನ್‌ಗೆ ಬೇಕಿಂಗ್ ಪೇಪರ್ ಹಾಸಿ 170 ಡಿಗ್ರಿಯಲ್ಲಿ 40-45 ನಿಮಿಷ. ಅವತ್ತೇ ಕತ್ತರಿಸಬೇಡಿ. ಖರ್ಜೂರ, ಬೆಲ್ಲ ಎರಡೂ ತೇವ ಹಿಡಿದಿಡುತ್ತವೆ, ಮಾರನೇ ದಿನ ಇನ್ನೂ ಮೆತ್ತಗೆ, ಅಂಟಂಟಾಗಿ ಬರುತ್ತದೆ. ಗೋಡಂಬಿ ಚೂರು ಹಾಕಬೇಕು ಅನ್ನಿಸುತ್ತದೆ, ಹಾಕಬೇಡಿ. ಗೋಡಂಬಿಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕೊಬ್ಬೇ. ಹಾಲು ನೀಲಿ ಪ್ಯಾಕೆಟ್ಟಿನದಾದರೆ 3 ಶೇಕಡಾ ಕೊಬ್ಬಿರುತ್ತದೆ. ಕಾಯಿಸಿ, ಫ್ರಿಜ್‌ನಲ್ಲಿಟ್ಟು, ಕೆನೆ ಪೂರ್ತಿ ತೆಗೆದು ಹೆಪ್ಪು ಹಾಕಿ.

ಪ್ರಶ್ನೆ: ಕೇಕ್ ನಮಗೆ ಒಗ್ಗುವುದಿಲ್ಲ. ಹೋಳಿಗೆಯನ್ನೂ ಬಿಡಬೇಕಾ?
— ಓದುಗರು, ಚಳ್ಳಕೆರೆ

ಉತ್ತರ: ಎಣ್ಣೆ ಗಿರಣಿಗಳ ಊರಿನಿಂದಲೇ ಈ ಪ್ರಶ್ನೆ! ಬಿಡಬೇಡಿ. ಬೇಳೆ ಹೂರಣದಲ್ಲಿ ಕೊಬ್ಬು ತೀರಾ ಕಡಿಮೆ. ಹೂರಣಕ್ಕೆ ಕಾಯಿ, ಕೊಬ್ಬರಿ ಸೇರಿಸಬೇಡಿ, ಕೊಬ್ಬರಿಯ ಹೆಸರಿನಲ್ಲೇ ಕೊಬ್ಬಿದೆ. ಗಸಗಸೆಯೂ ಬೇಡ. ಎಣ್ಣೆ ಇರುವುದು ಕಣಕದಲ್ಲಿ, ತವೆ ಮೇಲೆ, ಬಡಿಸುವಾಗ ಬೀಳುವ ತುಪ್ಪದಲ್ಲಿ. ಕಣಕವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸಡಿಲವಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಡಿ. ಹಿಟ್ಟು ಉದುರಿಸಿಕೊಂಡು ಲಟ್ಟಿಸಿ, ಒಣ ತವೆ ಮೇಲೆ ಬೇಯಿಸಿ. ಸುಳ್ಳು ಹೇಳುವುದಿಲ್ಲ, ಸ್ವಲ್ಪ ಚಪಾತಿ ಥರ ಇರುತ್ತದೆ. ತವೆಯಿಂದ ಇಳಿಸಿದ ಕೂಡಲೇ ಬಟ್ಟೆಯಲ್ಲಿ ಸುತ್ತಿಡಿ, ಕೆನೆ ತೆಗೆದ ಬಿಸಿ ಹಾಲು ಹಾಕಿಕೊಂಡು ಕಿವುಚಿ ತಿನ್ನಿ.