"ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿ" ಅನ್ನೋದು ಕ್ಷಮೆಯಾ? ನಮ್ಮ ಕಡೆ ಜನಾಂಗಭೇದ ಇದೆಯಾ?

ನನ್ನ ಪ್ರಕಾರ ಅದು ಕ್ಷಮೆ ಅಲ್ಲ. ಆ 'ದ್ದರೆ' ಇದೆಯಲ್ಲ, ಅದು ತಪ್ಪನ್ನು ಮೆಲ್ಲಗೆ ಕೇಳಿಸಿಕೊಂಡವರ ತಲೆಗೇ ಕಟ್ಟುತ್ತದೆ. ನಾನು ಸುಮ್ನೆ ಅಂದೆ, ನೊಂದುಕೊಂಡಿದ್ದು ನೀವು ಅನ್ನೋ ಹಾಗೆ. "ನಾನು ಅಂದದ್ದು ತಪ್ಪು" ಎಂದರೆ ಮುಗಿಯಿತು, ಅಲ್ವಾ?

ಇನ್ನು ನಮ್ಮ ಕಡೆ. ನಾನು ಬೆಳಗಾವಿಯವನು. ಒಮ್ಮೆ ಖಾನಾಪುರದ ಬಸ್ಸಿನಲ್ಲಿ ಹಿರಿಯರೊಬ್ಬರು ಸಿದ್ದಿ ಸಮುದಾಯದ ಹುಡುಗನನ್ನು "ಯಾವ ದೇಶ ತಮ್ಮಾ?" ಎಂದು ಕೇಳಿದರು. "ಇಲ್ಲೇ ನಮ್ಮೂರು, ಕಾಕಾ" ಎಂದ. ಬಸ್ಸೆಲ್ಲ ನಕ್ಕಿತು. "ಬ್ಯಾಸರ ಮಾಡ್ಕೋಬ್ಯಾಡ, ಚಾಷ್ಟಿ ಮಾಡಿದೆ" ಅಂದರು ಅವರು. ನಕ್ಕವರಲ್ಲಿ ನಾನೂ ಇದ್ದೆ.

ಸಿದ್ದಿಗಳ ಮೂಲ ಆಫ್ರಿಕಾ. ಆದರೆ ಶತಮಾನಗಳಿಂದ ಇಲ್ಲಿಯವರೇ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡದವರು 2020ರ ತನಕ ಕಾಯಬೇಕಾಯಿತು. ತಮಾಷೆ ಏನಂದ್ರೆ, 17ನೇ ಶತಮಾನದಲ್ಲೇ ವಿಜಯಪುರದ ಆದಿಲ್‌ಶಾಹಿ ದರ್ಬಾರಿನಲ್ಲಿ ಆಫ್ರಿಕಾ ಮೂಲದ ಇಖ್ಲಾಸ್ ಖಾನ್ ವಜೀರನಾಗಿದ್ದ. ಗೋಳಗುಮ್ಮಟಕ್ಕೆ ಮೂರು ಸಲ ಹೋಗಿದ್ದೇನೆ, ಯಾರೂ ಈ ಹೆಸರು ಎತ್ತಿದ್ದು ನಾನಂತೂ ಕೇಳಿಲ್ಲ.